ಕೊಟ್ಟ ಕೈಯ ಕಹಿ

ನಮ್ಮೂರಿನ ಬಸ್ಸುಗಳಲ್ಲಿ ಡ್ರೈವರನ ತಲೆಯ ಮೇಲೆ ಎರಡು ಬೋರ್ಡುಗಳಿರುತ್ತವೆ. ಒಂದು, ಬೀಡಿ ಸಿಗರೇಟು ಸೇದಬಾರದು ಎನ್ನುವುದು. ಅದು ಎಲ್ಲ ಊರಿನಲ್ಲೂ ಇದ್ದದ್ದೇ. ಇನ್ನೊಂದು, ಚಾಲಕರು ಕರ್ತವ್ಯದಲ್ಲಿರುವಾಗ ಯಾರಿಗೂ ಮಾತ್ರೆ ಕೊಡಕೂಡದು ಎನ್ನುವುದು. ಅದು ನಮ್ಮೂರಿನಲ್ಲಿ ಮಾತ್ರ. ಹಿಂದೊಮ್ಮೆ ಒಬ್ಬ ಡ್ರೈವರ್ ಮಹಾಶಯ, ಶೀತವಾಗಿ ಸೀನುತ್ತಿದ್ದ ಮುದುಕಿಯ ಮೇಲೆ ಕನಿಕರಪಟ್ಟು ತನ್ನ ಜೇಬಿನಿಂದ ಮಾತ್ರೆ ತೆಗೆದುಕೊಟ್ಟ. ಮುದುಕಿಯ ಸೀನು ನಿಂತಿತು. ಆ ಮಾತ್ರೆಯ ನಿದ್ದೆ ಡ್ರೈವರನಿಗೆ ಬಂತು. ಬಸ್ಸು ಕೆರೆ ಏರಿಯ ಮೇಲಿನ ಕಲ್ಲುಕಂಬಕ್ಕೆ ಒರಗಿ ನಿಂತಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಬೋರ್ಡು ಬಂತು.

ನಮ್ಮಲ್ಲಿ ಹಾಗೆ. ಮಾತ್ರೆಯ ಗುಣ ನುಂಗಿದವರಿಗೆ ಸೇರುತ್ತದೆ, ಅದರ ಕಹಿ ಕೊಟ್ಟವರಿಗೆ ಸೇರುತ್ತದೆ. ಕಹಿ ಎಂದರೆ ನಾಲಗೆಗೆ ಹತ್ತುವ ಕಹಿ ಅಲ್ಲ. ವಾಕರಿಕೆ, ತಲೆಸುತ್ತು, ಬಾಯಿಹುಣ್ಣು, ಮೈತುರಿಕೆ ಎಂದು ಹೊರಗಿನ ಡಾಕ್ಟರುಗಳು ಯಾವುದನ್ನು ಅಡ್ಡಪರಿಣಾಮ ಎನ್ನುತ್ತಾರೋ ಅದನ್ನೆಲ್ಲ ನಾವು ಕಹಿ ಎನ್ನುತ್ತೇವೆ. ತನ್ನ ಕೈಯಿಂದ ತಾನೇ ತೆಗೆದುಕೊಂಡರೆ ಎರಡೂ ತನಗೇ. ಮಾತ್ರೆ ಎಷ್ಟು ಕೈ ದಾಟಿ ಬಂದರೂ ಕೊನೆಯ ಕೈ ಮಾತ್ರ ಲೆಕ್ಕಕ್ಕೆ. ಅದಕ್ಕೇ ನಮ್ಮ ಔಷಧದಂಗಡಿಯವನು ಮಾತ್ರೆಯನ್ನು ಗಿರಾಕಿಯ ಕೈಗಿಡುವುದಿಲ್ಲ. ಹಲಗೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ. ಹೆಣ್ಣು ಕೊಡಲು ಗಂಡಿನ ಮನೆ ನೋಡಿ ಬರುವವರು ಪಕ್ಕದ ಮನೆಯಲ್ಲಿ ನೀರು ಕೇಳುವ ನೆಪದಲ್ಲಿ, ಆ ಮನೆಯಲ್ಲಿ ಯಾರಿಗೆ ಯಾರು ಮಾತ್ರೆ ಕೊಡುತ್ತಾರೆ ಎಂದು ವಿಚಾರಿಸುತ್ತಾರೆ. ಸೊಸೆಗೆ ಅತ್ತೆ ಕೊಡುತ್ತಾಳೆ ಎಂದು ಗೊತ್ತಾದರೆ ಜಾತಕವನ್ನೂ ಬಿಚ್ಚದೆ ಒಪ್ಪಿಕೊಂಡು ಬರುತ್ತಾರೆ.

ನನ್ನ ಹೆಸರು ಪಾಪಣ್ಣ. ಬಸ್ಸಿನಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ನಡುದಾರಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ, ಟಿಕೆಟ್ ಟಿಕೆಟ್ ಎಂದು ಎಲ್ಲರ ನಿದ್ದೆ ಕೆಡಿಸುವ ಕೆಲಸ. ಮೂರು ಹೊತ್ತೂ ಜನರನ್ನು ಅನುಮಾನಿಸಿ ಸಂಬಳ ತೆಗೆದುಕೊಂಡವನಿಗೆ ನಿವೃತ್ತಿಯಾದ ಮಾತ್ರಕ್ಕೆ ಆ ಬುದ್ಧಿ ಹೋಗುತ್ತದೆಯೇ? ಹಾಲಿನವನ ಅಳತೆ, ಪುರೋಹಿತರ ಮಂತ್ರ, ಗಡಿಯಾರದ ಮುಳ್ಳು, ಯಾವುದೂ ನನ್ನ ಕಣ್ಣಿಗೆ ನೆಟ್ಟಗೆ ಕಾಣುವುದಿಲ್ಲ. "ದೇವರು ಪ್ರತ್ಯಕ್ಷ ಆದ್ರೂ ನೀವು ಪಾಸ್ ತೋರ್ಸಪ್ಪ ಅಂತೀರ," ಎಂದು ನನ್ನ ಹೆಂಡತಿ ವನಜಾಕ್ಷಿ ಗೇಲಿ ಮಾಡುತ್ತಾಳೆ. ಕೆಲಸದಲ್ಲಿದ್ದಷ್ಟು ಕಾಲವೂ ನನ್ನ ಜೇಬಿನಲ್ಲಿ ಒಂದು ನಿಂಬೆಹಣ್ಣು ಇರುತ್ತಿತ್ತು. ದೃಷ್ಟಿಯಾಗದಿರಲೆಂದು ಇಟ್ಟುಕೊಂಡಿದ್ದಾನೆ ಎಂದು ಡಿಪೋದವರು ತಿಳಿದಿದ್ದರು. ಅವರು ಹಾಗೇ ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೆ.

ಆ ವರ್ಷ ನಮ್ಮ ಬೀದಿಗೆ ಮೂಳೆಜ್ವರ ಬಂತು. ಮೈ ಬಿಸಿಯಾಗಿ, ಕೀಲುಕೀಲು ಹಿಡಿದು, ತಿಂಗಳುಗಟ್ಟಲೆ ಒಳಗೇ ಉಳಿದು, ಔಷಧವಿಲ್ಲದೆ ಬಿಟ್ಟರೆ ಜೀವ ತೆಗೆಯುವ ಜ್ವರ. ನಮ್ಮ ಮನೆಯಲ್ಲಿ ವನಜಾಕ್ಷಿಗೆ ಬಂತು. ಅಕ್ಕಪಕ್ಕದ ಮನೆಗಳಲ್ಲೂ ಒಬ್ಬೊಬ್ಬರು ಮಲಗಿದರು. ಅದಕ್ಕೆ ಔಷಧವೇನೋ ಇತ್ತು. ಕಿತ್ತಳೆ ಬಣ್ಣದ ದಪ್ಪ ಮಾತ್ರೆ, ದಿನವೂ ತಿಂಡಿಯಾದ ಮೇಲೆ ಒಂದು. ಗುಣದಲ್ಲಿ ಅದಕ್ಕೆ ಸಾಟಿಯಿಲ್ಲ, ಕಹಿಯಲ್ಲೂ ಸಾಟಿಯಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕೊಡುವವರು ಯಾರು ಎಂದು ಕೇಳಿದಾಗ ನಾನೇ ಎಂದು ಮುಂದೆ ನಿಂತೆ. ಮಕ್ಕಳಿಲ್ಲದ ನಮಗೆ ಅವಳಿಗೆ ನಾನು, ನನಗೆ ಅವಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಂದಾಕಿನಿ ಇದ್ದರು. ಅವರು ನಾಡಿ ಹಿಡಿಯುವ ಡಾಕ್ಟರಲ್ಲ. ಔಷಧವನ್ನು ಹೇಗೆ ಕೊಡಬೇಕು, ಹೇಗೆ ಕೊಟ್ಟರೆ ರೋಗಿಗೆ ಏನಾಗುತ್ತದೆ ಎಂದು ಸಂಶೋಧನೆ ಮಾಡಲು ಹೊರಗಿನಿಂದ ಬಂದವರು. ನಮ್ಮೂರಿನ ಕಹಿ ಅವರಿಗೆ ಸುಗ್ಗಿಯಾಯಿತು. ವರ್ಷಕ್ಕೆ ನಾಲ್ಕೈದು ಪ್ರಬಂಧಗಳು ದೂರದೇಶದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅವುಗಳ ಮೊದಲ ಪುಟಗಳಿಗೆ ಗಾಜು ಹಾಕಿಸಿ, ಔಷಧ ಕೊಡುವ ಕಿಟಕಿಯಿಂದ ಹೆರಿಗೆ ವಾರ್ಡಿನವರೆಗೆ ಆಸ್ಪತ್ರೆಯವರು ಸಾಲಾಗಿ ತೂಗುಹಾಕಿದ್ದರು. ಕೆಳಗೆ ಕನ್ನಡದಲ್ಲಿ ತಲೆಬರಹ. 'ಮಾತ್ರೆಯ ಹೆಸರು ಹೇಳಿ ಕೊಡುವುದರಿಂದ ರಕ್ತದೊತ್ತಡದವರಿಗಾಗುವ ಪ್ರಯೋಜನ.' 'ಔಷಧದಂಗಡಿಯ ಹಲಗೆಯ ಎತ್ತರ ಮತ್ತು ಮರೆತುಹೋಗುವ ಮಾತ್ರೆಗಳು.' 'ಸೊಸೆಯಂದಿರು ಕೊಡುವ ಸಿರಪ್ಪಿನ ಅಳತೆ.' ಇಷ್ಟುದ್ದ ಗೋಡೆಯಲ್ಲಿ ಒಂದು ಪ್ರಬಂಧವೂ, ಈ ಕ್ರಮದಿಂದ ಏನೂ ಉಪಯೋಗವಾಗಲಿಲ್ಲ ಎಂದು ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಎಲ್ಲರ ಬಳಿಯೂ ಟಿಕೆಟ್ ಇದ್ದರೆ ನನಗೆ ಮೊದಲು ಅನುಮಾನ ಬರುತ್ತಿದ್ದುದು ಕಂಡಕ್ಟರನ ಮೇಲೆ. ಅಲ್ಲಿ ನಿಂತಾಗಲೂ ಹಾಗೇ ಆಯಿತು.

ಮೂಳೆಜ್ವರದವರಿಗಾಗಿ ಮಂದಾಕಿನಿಯವರು ಹೊಸದೊಂದು ಕ್ರಮ ಕಂಡುಹಿಡಿದಿದ್ದರು. ಕೊಡುವವರನ್ನೆಲ್ಲ ಸಾಲಾಗಿ ಕೂರಿಸಿ ಪೆಪ್ಪರ್‌ಮಿಂಟಿನಲ್ಲಿ ಅಭ್ಯಾಸ ಮಾಡಿಸಿದರು. ಬಲಅಂಗೈಯ ನಡುವೆ ಮಾತ್ರೆ, ಎಡಗೈಯಲ್ಲಿ ನೀರಿನ ಲೋಟ, ಕಣ್ಣಲ್ಲಿ ಕಣ್ಣಿಟ್ಟು ಮಾತ್ರೆಯ ಹೆಸರು, ಅದು ಮಾಡುವ ಒಳ್ಳೆಯದು, ಆಮೇಲೆ ಕೊಡುವುದು. ಹೀಗೆ ಕೊಟ್ಟರೆ ಕಹಿ ಇಬ್ಬರಿಗೂ ತಾಗುವುದಿಲ್ಲ ಎಂದು ಅವರ ಎಣಿಕೆ. ಹದಿನೈದು ದಿನಕ್ಕೊಮ್ಮೆ ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಒಂದೇ ಬೆಂಚಿನ ಮೇಲೆ ಜೊತೆಯಾಗಿ ಕೂರಿಸಿಕೊಂಡು ಕೇಳುತ್ತಿದ್ದರು.

"ಕೊಡೋರಿಗೆ ವಾಕರಿಕೆ ಏನಾದ್ರೂ?"

"ಇಲ್ಲ," ಎನ್ನುತ್ತಿದ್ದೆ ನಾನು. ಇರಲಿಲ್ಲ.

"ತಗೊಳ್ಳೋರಿಗೆ?"

"ಏನಿಲ್ಲ ಕಣಮ್ಮ, ಆರಾಮಾಗಿದೀನಿ," ಎಂದು ವನಜಾಕ್ಷಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಬೆಂಚಿನ ಮೇಲೆ ನಮ್ಮ ಹಿಂದೆ ಮುಂದೆ ಕೂತವರೆಲ್ಲರದೂ ಇದೇ ಉತ್ತರ. ಪ್ರಬಂಧ ಅಚ್ಚಾಯಿತು. 'ಕೈಯಾರೆ ಕೊಡುವ ಕ್ರಮದಿಂದ ಕಹಿಯ ಸಂಪೂರ್ಣ ನಿವಾರಣೆ' ಎಂದು ಎಲ್ಲಕ್ಕಿಂತ ದೊಡ್ಡ ಗಾಜಿನೊಳಗೆ ಹಾಕಿ, ಹಾರ ಹಾಕಿ, ನಮಗೆಲ್ಲ ಮೈಸೂರುಪಾಕು ಹಂಚಿದರು. ಆ ಸಭೆಯಲ್ಲೇ ಮಂದಾಕಿನಿಯವರು ಎದ್ದುನಿಂತು ಹೇಳಿದರು: "ಕಹಿ ಯಾರಿಗೂ ಇಲ್ಲ ಅಂತ ಈಗ ಖಚಿತವಾಗಿದೆ. ಅದಕ್ಕೆ ಬರೋ ಸೋಮವಾರದಿಂದ ದಿನಕ್ಕೆ ಎರಡು ಮಾತ್ರೆ ಕೊಡೋಣ. ಜ್ವರ ಬೇರು ಸಮೇತ ಹೋಗತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಎತ್ತಿದೆ. "ಕಹಿ ಇದ್ದಿದ್ರೆ ಏನು ಮಾಡ್ತಿದ್ರಿ ಮೇಡಂ?"

"ಇದ್ದಿದ್ರೆ ಎರಡು ಕೊಡ್ತಾನೇ ಇರ್ಲಿಲ್ಲ. ಜ್ವರದಲ್ಲಿ ಬೆಂದಿರೋ ಮೈಗೇ ಎರಡು ಮಾತ್ರೆ ಕಹಿಯೂ ಸೇರಿಬಿಟ್ರೆ ಹೃದಯ ನಿಂತುಹೋಗತ್ತೆ. ಆದ್ರೆ ನಿಮಗೆಲ್ಲ ಆ ಭಯ ಇಲ್ವಲ್ಲ," ಎಂದು ನಕ್ಕರು. ವನಜಾಕ್ಷಿ ನನ್ನ ಪಕ್ಕದಲ್ಲಿ ಮೈಸೂರುಪಾಕನ್ನು ಕಾಗದದಲ್ಲಿ ಸುತ್ತಿಕೊಳ್ಳುತ್ತಿದ್ದಳು. ಅವಳಿಗೆ ಮೈಸೂರುಪಾಕು ಎಂದರೆ ಪ್ರಾಣ. ಆದರೆ ಅದನ್ನು ಅಲ್ಲಿ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದವನಿಗೆ ಸಮಾಧಾನವಿಲ್ಲ. ಸಾಟಿಯಿಲ್ಲದ ಕಹಿ ಎಂದವರು ಅವರೇ, ಸಂಪೂರ್ಣ ನಿವಾರಣೆ ಎಂದವರೂ ಅವರೇ. ಅಂಗೈಯ ನಡುವೆ ಇಟ್ಟು ಕೊಟ್ಟ ಮಾತ್ರಕ್ಕೆ ಕಹಿ ಎಲ್ಲಿಗೆ ಹೋಯಿತು? ನಡುದಾರಿಯಲ್ಲಿ ಇಳಿದುಹೋಯಿತೇ? ಮೊದಲು ಅನುಮಾನ ಬಂದದ್ದು ಮಾತ್ರೆಯ ಮೇಲೆ. ಬರೀ ಸುಣ್ಣಕ್ಕೆ ಬಣ್ಣ ಹಾಕಿ ಕೊಡುತ್ತಿದ್ದಾರೆ, ಜ್ವರ ತಾನಾಗಿ ಇಳಿಯುತ್ತಿದೆ, ಹೆಸರು ಪ್ರಬಂಧಕ್ಕೆ ಎಂದುಕೊಂಡೆ. ಮಾರನೆಯ ದಿನ ಅವಳ ಮಾತ್ರೆಗಳಲ್ಲಿ ಒಂದನ್ನು ಕದ್ದು, ಬಸ್ ನಿಲ್ದಾಣದ ಹಿಂಭಾಗಕ್ಕೆ ಹೋಗಿ, ನನ್ನ ಕೈಯಿಂದ ನಾನೇ ನುಂಗಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆಗಿದ್ದನ್ನು ಬರೆಯುವುದು ಮರ್ಯಾದೆಯಲ್ಲ. ಕರುಳೇ ಕಿತ್ತು ಬಾಯಿಗೆ ಬರುವಂತಾಯಿತು. ಟೀ ಅಂಗಡಿಯವನು ನೀರು ತಂದುಕೊಟ್ಟು, ಬೆಳಿಗ್ಗೆ ಬೆಳಿಗ್ಗೆಯೇ ಕುಡಿಯುವುದು ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದ.

ಮಾತ್ರೆ ಅಸಲಿ ಎಂದಾಯಿತು. ಹಾಗಾದರೆ ವನಜಾಕ್ಷಿ ನುಂಗುತ್ತಿಲ್ಲ. ಅವಳು ದೇವರ ಮನೆಯಲ್ಲಿರುವಾಗ ತುಳಸಿಕಟ್ಟೆಯ ಮಣ್ಣು ಕೆದಕಿದೆ, ದಿಂಬಿನ ಹೊಲಿಗೆ ತಡವಿದೆ, ಮೋರಿಯಲ್ಲಿ ಕಡ್ಡಿ ಆಡಿಸಿದೆ. ಎಲ್ಲೂ ಕಿತ್ತಳೆ ಬಣ್ಣವಿಲ್ಲ. ಅಲ್ಲದೆ ಅವಳ ಜ್ವರ ಇಳಿಯುತ್ತ ಬಂದದ್ದು ಕಣ್ಣಿಗೆ ಕಾಣುತ್ತಿತ್ತು; ಕೀಲುಗಳು ಬಿಟ್ಟುಕೊಂಡಿದ್ದವು; ಮೆಟ್ಟಿಲು ಹತ್ತುತ್ತಿದ್ದಳು. ನುಂಗುತ್ತಿದ್ದಾಳೆ, ಸರಿ. ನನ್ನ ಕೈಯಿಂದ ಬಂದದ್ದನ್ನು ನುಂಗುತ್ತಿದ್ದರೆ ನನಗೇಕೆ ಏನೂ ಆಗುತ್ತಿಲ್ಲ?

ಒಂದೇ ಉತ್ತರ ಉಳಿಯಿತು. ಕೊನೆಯ ಕೈ ನನ್ನದಲ್ಲ. ಇನ್ನೊಂದು ಕೈ ಇದೆ. ನಮ್ಮೂರಿನಲ್ಲಿ ಒಬ್ಬ ಗಂಡಸಿನ ಬಗ್ಗೆ ಇದಕ್ಕಿಂತ ಕೆಟ್ಟ ಮಾತಿಲ್ಲ: ಅವನ ಹೆಂಡತಿಗೆ ಬೇರೆ ಯಾರೋ ಮಾತ್ರೆ ಕೊಡುತ್ತಾರೆ. ಮೂವತ್ತು ವರ್ಷ ಸಂಸಾರ ಮಾಡಿದವಳ ಮುಖವನ್ನು ಕದ್ದು ನೋಡತೊಡಗಿದೆ. ಸಾರಿಗೆ ಖಾರವನ್ನೇ ಹಾಕುತ್ತಿಲ್ಲ, ಯಾಕೆ? ಉಪ್ಪು ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ, ಯಾಕೆ? ಮನಸ್ಸು ಇನ್ನೆಲ್ಲೋ ಇದೆ. ತಿಂಡಿಯಾಗಿ ಮಾತ್ರೆ ತೆಗೆದುಕೊಂಡ ಕೂಡಲೇ ಬಟ್ಟೆ ಒಗೆಯುತ್ತೇನೆಂದು ಬಚ್ಚಲಿಗೆ ಸೇರಿ ಚಿಲಕ ಹಾಕಿಕೊಂಡರೆ, ನಲ್ಲಿ ಧೋ ಎಂದು ಬಿಟ್ಟುಕೊಂಡು ಗಂಟೆಗಟ್ಟಲೆ ಹೊರಗೆ ಬರುವುದಿಲ್ಲ. ಎರಡೇ ಜನರ ಬಟ್ಟೆ! ಅವಳೊಬ್ಬಳೇ ಅಲ್ಲ, ಆ ಹೊತ್ತಿಗೆ ಇಡೀ ಬೀದಿಯ ನಲ್ಲಿಗಳು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ನಮ್ಮ ಹಿತ್ತಲಿನ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗಾಗುತ್ತಿತ್ತು. ಅದಕ್ಕೆ ನಾನು ನಗರಸಭೆಯವರ ಮೇಲೆ ಅನುಮಾನಪಟ್ಟು ಹೋಗಿ ಜಗಳವಾಡಿ ಬಂದಿದ್ದೆ.

ಶುಕ್ರವಾರ ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಬರುತ್ತಿದ್ದೆ. ಗಿರಣಿಯ ರೇವಣ್ಣ ಗೋಡೆಗೆ ಕೈಕೊಟ್ಟು ಬಗ್ಗಿ ವಾಂತಿ ಮಾಡುತ್ತಿದ್ದ. ತಿಂಡಿಯಾದ ಹೊತ್ತು, ಸರಿಯಾಗಿ ಮಾತ್ರೆಯ ಹೊತ್ತು. ವನಜಾಕ್ಷಿ ವಾರಕ್ಕೆರಡು ಸಲ ರಾಗಿ ಹೊತ್ತುಕೊಂಡು ಗಿರಣಿಗೆ ಹೋಗುತ್ತಾಳೆ ಎನ್ನುವುದು ನೆನಪಾಯಿತು. ಇಬ್ಬರು ಇಷ್ಟೊಂದು ರಾಗಿ ತಿನ್ನುತ್ತೇವೆಯೇ? ಅವನು ಬಾಯಿ ಒರೆಸಿಕೊಳ್ಳುವುದನ್ನೂ ಕಾಯದೆ ಹೋಗಿ ಎದುರು ನಿಂತೆ.

"ಯಾರಿಗೆ ಮಾತ್ರೆ ಕೊಟ್ಟು ಬಂದೆ ರೇವಣ್ಣ?"

"ಯಾರಿಗಂದ್ರೆ? ನಮ್ಮೋಳಿಗೆ. ಚೆನ್ನಾಜಮ್ಮಂಗೂ ಮೂಳೆಜ್ವರ ಅಲ್ವ ಸಾರ್."

"ಇನ್ನ್ಯಾರಿಗೂ ಕೊಡ್ತಾ ಇಲ್ವ?"

ಅವನು ನನ್ನ ಮುಖ ನೋಡಿದ. ಮೈಯೆಲ್ಲ ಹಿಟ್ಟು, ಕಣ್ಣಲ್ಲಿ ನೀರು. "ನನ್ನ ಕಥೆಯೇ ನನಗೆ ಹಾಸಿ ಹೊದಿಯೋವಷ್ಟಿದೆ. ಊರೋರಿಗೆಲ್ಲ ಕೊಡೋಕೆ ನನಗೇನು ಎರಡು ಹೊಟ್ಟೆ ಐತಾ?"

"ನೀನು ಮೇಡಂ ಹತ್ರ ಅಭ್ಯಾಸಕ್ಕೆ ಬಂದಿದ್ಯಲ್ಲ. ಕಹಿ ಆಗಬಾರ್ದಲ್ಲ?"

"ಬಂದಿದ್ದೆ. ಅವರು ಹೇಳ್ದಂಗೇ ಕೊಟ್ಟೆ, ಆಗ್ತದೆ. ಆಗ್ತದೆ ಅಂತ ಹೇಳ್ದೆ. ನೀನು ದಿನಾ ಹಿಟ್ಟಿನ ಧೂಳು ಕುಡೀತೀಯ, ಅದಕ್ಕಾಗ್ತದೆ, ನಿಂದು ಲೆಕ್ಕಕ್ಕೆ ಹಿಡಿಯೋಕಾಗಲ್ಲ ಅಂದ್ರು. ಬಿಟ್ಬಿಟ್ರು." ಅವನು ಗೋಡೆಗೆ ಒರಗಿ ಕೂತ. "ನನಗದು ಬೇಜಾರಿಲ್ಲ ಸಾರ್. ಬೀದಿ ಹೆಂಗಸ್ರು ಚೆನ್ನಾಜಮ್ಮನ ಹತ್ರ ಮಾತು ಬಿಟ್ಟವ್ರೆ. ಗಂಡನ್ನ ವಾಂತಿ ಮಾಡ್ಸಿ ತಾನು ಹುಷಾರಾಗ್ತಾಳೆ ಅಂತ ಆಡ್ಕೊಂತಾರೆ. ಕೊಡೋನು ನಾನು, ನನಗಿಲ್ಲದ ಉರಿ ಅವ್ರಿಗ್ಯಾಕೆ?"

ಬೀದಿಯ ಹೆಂಗಸರಿಗೆ ಆ ಉರಿ ಯಾಕೆ ಎಂದು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನು ಅವನ ಮಾತು ನಿಜವೋ ಸುಳ್ಳೋ ಎಂದು ಅವನ ಕಣ್ಣು ನೋಡುವುದರಲ್ಲೇ ಇದ್ದೆ. ನಿಜವೆಂದು ಕಂಡಿತು. ನಾಚಿಕೆಯಾಗಿ, ಒಂದು ಸೇರು ಗೋಧಿಹಿಟ್ಟು ಕೊಂಡುಕೊಂಡು ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ನೀರು ಬರಲಿಲ್ಲ. ದೊಡ್ಡ ಟ್ಯಾಂಕಿನ ಬುಡದಲ್ಲಿ ಪೈಪು ಒಡೆದಿದೆ, ನಾಳೆಯೂ ನೀರಿಲ್ಲ ಎಂದು ನಗರಸಭೆಯವನು ಗಂಟಲು ಹರಿದುಕೊಂಡು ಹೋದ. ತಿಂಡಿಯಾಯಿತು. ನಾನು ಕ್ರಮ ತಪ್ಪದೆ ಅಂಗೈಯಲ್ಲಿ ಮಾತ್ರೆ ಹಿಡಿದು, ಅದರ ಹೆಸರು ಹೇಳಿ, ಅದರ ಗುಣಗಾನ ಮಾಡಿ ಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಗಂಟಲು ಮೇಲೆ ಕೆಳಗೆ ಆಡಿದ್ದನ್ನೂ ನೋಡಿದೆ.

"ಬಟ್ಟೆ ಒಗೆದು ಬರ್ತೀನಿ," ಎಂದು ಅಭ್ಯಾಸಬಲದಿಂದ ಎದ್ದು ಹೋದಳು. ಚಿಲಕದ ಸದ್ದಾಯಿತು.

ನಾನು ಪೇಪರು ಬಿಡಿಸಿದವನು ಹಾಗೇ ಮಡಿಸಿದೆ. ನೀರೇ ಇಲ್ಲ. ಇವಳು ಏನನ್ನು ಒಗೆಯುತ್ತಾಳೆ?

ಚಪ್ಪಲಿ ಬಿಟ್ಟು ಬಚ್ಚಲ ಬಾಗಿಲಿನ ಹತ್ತಿರ ಹೋಗಿ ನಿಂತೆ. ಒಳಗೆ ನಲ್ಲಿ ತಿರುಗಿಸಿದ ಕಿರ್ ಎನ್ನುವ ಸದ್ದು, ಬರೀ ಗಾಳಿ ಊದಿದ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಉಸಿರು ಬಿಗಿಯಾಯಿತು. ಆಮೇಲೆ ವಾಂತಿ. ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದು ಹೊರಬರದಂತೆ ಹಿಡಿದು ಹಿಡಿದು ಮಾಡುವ ವಾಂತಿ. ನಾನು ಬಾಗಿಲಿನ ಮೇಲಿಟ್ಟ ಕೈ ಅಲ್ಲೇ ಉಳಿಯಿತು, ತಟ್ಟುವುದಾಗಲಿಲ್ಲ. ಆಗ ಪಕ್ಕದ ಗೋಡೆಯಾಚೆ ಇನ್ನೊಬ್ಬರು. ಅದರಾಚೆ ಇನ್ನೊಬ್ಬರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು, ದಿನವೂ ಹೆಂಡತಿಯ ಕೈಯಿಂದ ಮಾತ್ರೆ ತೆಗೆದುಕೊಳ್ಳುವವರು, ಅವರ ಗಡಸು ದನಿಯೂ ಕೇಳಿಸಿತು. ನಲ್ಲಿಗಳ ಸದ್ದಿಲ್ಲದ ಬೀದಿಯಲ್ಲಿ ಒಂದೊಂದು ಬಚ್ಚಲಿನಿಂದಲೂ ಅದೇ ಸದ್ದು. ಕೊಡುವವರೆಲ್ಲ ಜಗಲಿಗಳಲ್ಲಿ ಪೇಪರು ಹಿಡಿದು, ಹೂ ಕಟ್ಟುತ್ತ, ತಲೆ ಬಾಚುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದು ನಿಂತದ್ದು ಕಿಟಕಿಯಿಂದ ಕಾಣಿಸಿತು.

ವನಜಾಕ್ಷಿ ಚಿಲಕ ತೆಗೆದಳು. ನನ್ನನ್ನು ನೋಡಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಯಾವಾಗಿಂದ?" ಎಂದೆ.

"ಮೊದಲ್ನೇ ದಿನದಿಂದ್ಲೇ."

"ನನ್ನ ಕಣ್ಣ ಮುಂದೆ ನುಂಗ್ತಿದ್ಯಲ್ಲೇ!"

"ದವಡೆ ಸಂದೀಲಿ ಇಟ್ಕೊಂಡು ಬರ್ತಿದ್ದೆ. ಸೋಪಿನ ಗೂಡಲ್ಲಿ ಉಗುಳಿ, ಮತ್ತೆ ನನ್ನ ಕೈಯಿಂದ ತಗೊಂತಿದ್ದೆ." ಅವಳು ಗೋಡೆ ಹಿಡಿದು ನೆಲದ ಮೇಲೆ ಕೂತಳು. "ಬೇರೆಯವ್ರೂ ಹಂಗೇ ಮಾಡ್ತಾರೆ ಅಂತ ನನಗೂ ಪೂರ್ತಿ ಗೊತ್ತಿರ್ಲಿಲ್ಲ. ಹೆಂಗಸ್ರು ಒಬ್ಬರ ಮುಖ ಒಬ್ರು ನೋಡ್ಕೊಂತಿದ್ವಿ, ಅಷ್ಟೇ. ಬಾಯ್ಬಿಟ್ಟು ಯಾರೂ ಹೇಳ್ಕೊಂಡಿಲ್ಲ."

ಅವಳ ಬಾಯಿ ತೆರೆಸಿ ನೋಡಿದೆ. ನಾಲಗೆ, ತುಟಿಯ ಒಳಗು, ಎಲ್ಲ ಹುಣ್ಣು. ಸಾರಿಗೆ ಖಾರವಿಲ್ಲದ್ದು ಯಾಕೆ, ಮೈಸೂರುಪಾಕು ಕಾಗದದಲ್ಲಿ ಉಳಿದದ್ದು ಯಾಕೆ, ಎಲ್ಲ ತಿಳಿಯಿತು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಯಾಕೆ ಹಿಂಗೆ ಮಾಡ್ದೆ? ನಾನೇನು ಸಾಯ್ತಿದ್ನ? ಕೊಡ್ತೀನಿ ಅಂತ ನಾನೇ ತಾನೆ ಮುಂದೆ ಬಂದಿದ್ದು?"

"ಮೂವತ್ತು ವರ್ಷ ಬಸ್ಸು ಹತ್ತಿ ಹತ್ತಿ ವಾಂತಿ ಮಾಡ್ಕೊಂಡೇ ದುಡಿದ್ರಿ," ಎಂದಳು. "ನಿಂಬೆಹಣ್ಣು ದೃಷ್ಟಿಗೆ ಅಂತ ಡಿಪೋದವ್ರು ನಂಬಬೋದು. ನಿಮ್ಮ ಖಾಕಿ ಒಗೀತಿದ್ದೋಳು ನಾನಲ್ವ? ರಿಟೈರ್ ಆದ್ಮೇಲಾದ್ರೂ ಆ ಹೊಟ್ಟೆ ತಣ್ಣಗಿರ್ಲಿ ಅಂದ್ಕೊಂಡೆ."

ಇಡೀ ಜಗತ್ತಿನಿಂದ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಒಂದೇ ಒಂದು ವಿಷಯ ಅದು. ಬಸ್ಸು ತಿರುವಿನಲ್ಲಿ ಹೊರಳಿದರೆ ನನ್ನ ಹೊಟ್ಟೆಯೂ ಹೊರಳುತ್ತಿತ್ತು. ಎಲ್ಲರಿಗಿಂತ ಹಿಂದೆ ಇಳಿದು ಮರದ ಮರೆಗೆ ಹೋಗುತ್ತಿದ್ದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಸೋಮವಾರದಿಂದ ಎರಡು ಮಾತ್ರೆ," ಎಂದೆ ಆಮೇಲೆ. "ಎದೆ ನಿಂತುಹೋಗತ್ತೆ ಅಂತ ಮೇಡಂ ಅಂದಾಗ ನನ್ನ ಪಕ್ಕದಲ್ಲೇ ಇದ್ದೆಯಲ್ಲ. ಕೇಳಿಸ್ಲಿಲ್ವ?"

"ಕೇಳಿಸ್ತು."

"ಆದ್ರೂ ನೀನೇ ತಗೊಳ್ಳೋಳಿದ್ದೆಯಾ?"

ಅವಳು ಒದ್ದೆಯಾದ ಸೆರಗನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಎದ್ದವನೇ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ಮಂದಾಕಿನಿಯವರು ನನ್ನ ಮಾತನ್ನು ನಿಂತುಕೊಂಡೇ ಕೇಳಿದರು. ಅವರ ಮುಖದಲ್ಲಿ ನಾನು ಟಿಕೆಟ್ ಇಲ್ಲದವರನ್ನು ನೋಡುತ್ತಿದ್ದ ನೋಟವಿತ್ತು.

"ನೀವು ಶುರುವಿನಿಂದಲೂ ನನ್ನ ಕೆಲಸನ ಅನುಮಾನದಿಂದ್ಲೇ ನೋಡ್ತಾ ಬಂದಿದ್ದೀರಿ ಪಾಪಣ್ಣನವರೇ. ನಿಮ್ಮ ಮನೇಲಿ ಒಬ್ಬರು ಹೀಗೆ ಮಾಡಿರಬಹುದು. ಅಷ್ಟಕ್ಕೆ ಇಡೀ ಪ್ರಬಂಧ ಸುಳ್ಳಾಗೋದಿಲ್ಲ. ಎಲ್ಲರನ್ನೂ ನಾನೇ ಕೂತು ಕೇಳಿದ್ದೀನಿ."

"ಜೊತೆಗೆ ಕೂರಿಸ್ಕೊಂಡು ಕೇಳಿದ್ದೀರಿ ಅಮ್ಮ. ಯಾರಿಗೋಸ್ಕರ ಮುಚ್ಚಿಟ್ಟಿದಾರೋ ಅವರನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರೆ ಯಾರು ಹೇಳ್ತಾರೆ?" ಎಂದೆ. "ನನ್ನ ಮಾತು ನಂಬಬೇಡಿ. ನಾಳೇನೂ ನೀರಿಲ್ಲ. ತಿಂಡಿ ಹೊತ್ತಿಗೆ ನಮ್ಮ ಬೀದೀಲಿ ಸುಮ್ನೆ ಬಂದು ನಿಂತ್ಕೊಳ್ಳಿ. ಆಮೇಲೆ ಎರಡು ಮಾತ್ರೆ ಕೊಡ್ತೀರೋ ನಾಲ್ಕು ಕೊಡ್ತೀರೋ ಕೊಡಿ."

ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂದರು. ಹವಾಯಿ ಚಪ್ಪಲಿ, ಮಾಸಿದ ಸೀರೆ. ಆಸ್ಪತ್ರೆಯ ಬಿಳಿಕೋಟಿಲ್ಲದೆ ಯಾರೋ ನೆಂಟರ ಮನೆ ಹುಡುಕಿ ಬಂದವರ ಹಾಗೆ ಕಾಣುತ್ತಿದ್ದರು. ವನಜಾಕ್ಷಿಗೆ ನಾನು ಅಂದು ಮಾತ್ರೆಯನ್ನೇ ಕೊಟ್ಟಿರಲಿಲ್ಲ. ಮಿಕ್ಕ ಮನೆಗಳಲ್ಲಿ, ಹಿಂದಿನ ದಿನ ಕಿವಿಗೆ ಬಿದ್ದದ್ದನ್ನು ನುಂಗಿಕೊಂಡು, ನಮ್ಮ ಮನೆಯಲ್ಲಿ ಹಾಗಿರಲಾರದು ಎಂದುಕೊಂಡು ಮತ್ತೆ ಕೊಟ್ಟಿದ್ದರು. ಮಂದಾಕಿನಿಯವರು ಬೀದಿಯ ನಡುವೆ ನಿಂತರು. ಒಂದು ಬಚ್ಚಲಿನಿಂದ ಶುರುವಾಯಿತು. ಅವರು ಅತ್ತ ತಿರುಗಿದರು. ಇನ್ನೊಂದು ಕಡೆಯಿಂದ ಕೇಳಿಸಿತು. ಇತ್ತ ತಿರುಗಿದರು. ಆಮೇಲೆ ತಿರುಗುವುದನ್ನು ಬಿಟ್ಟು ತಲೆ ತಗ್ಗಿಸಿದರು. ಅವರ ಪ್ರಬಂಧದಲ್ಲಿ ಲೆಕ್ಕಕ್ಕೆ ಸೇರಿದವರೆಲ್ಲ, ಚೆನ್ನಾಗಿದ್ದೇವೆ ಎಂದು ಅವರ ಮುಂದೆ ನಕ್ಕವರೆಲ್ಲ, ಆ ಬಾಗಿಲುಗಳ ಹಿಂದೆ ಇದ್ದರು.

ಅವರು ನೆಟ್ಟಗೆ ಗಿರಣಿಗೆ ಹೋದರು. ರೇವಣ್ಣ ಕಲ್ಲಿನ ಮೇಲಿನ ಹಿಟ್ಟು ಗುಡಿಸುತ್ತಿದ್ದ.

"ನೀವು ಹೇಳಿದ್ದು ನಿಜ ರೇವಣ್ಣ. ಧೂಳಿನಿಂದಲ್ಲ ಅದು," ಎಂದರು.

"ನನಗೆ ಗೊತ್ತಿತ್ತು ಮೇಡಂ. ಚೆನ್ನಾಜಮ್ಮನ ಮುಂದೆ ಒಂದು ಸಲ ಹೇಳಿಬಿಡಿ. ಅವಳು ಬಾಗಿಲಿಂದ ಹೊರಗೆ ಬರೋದೇ ಬಿಟ್ಟವಳೆ."

ಹೋಗಿ ಹೇಳಿದರು. ಒಳಗೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದಾಗ ಮಂದಾಕಿನಿಯವರ ಕಣ್ಣು ಕೆಂಪಾಗಿತ್ತು. "ಎರಡು ಮಾತ್ರೆ ಇಲ್ಲ. ಒಂದೇ. ಅದೂ ಯಾರು ಕೊಡ್ತಾರೆ, ಯಾರು ತಡೀತಾರೆ ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿದ ಮೇಲೆ," ಎಂದರು. ಸ್ವಲ್ಪ ದೂರ ನಡೆದು ನಿಂತು, "ಈ ಪ್ರಬಂಧ ವಾಪಸ್ ತಗೋಬೇಕು. ಇದರ ಹಿಂದಿನವೂ ಹೀಗೇ ಕೇಳಿ ಬರೆದವು," ಎಂದರು. ಅವರ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಆದರೂ ಬುದ್ಧಿ ಎಲ್ಲಿ ಹೋಗುತ್ತದೆ? ಸಂಜೆ ಆಸ್ಪತ್ರೆಗೆ ಹೋಗಿ ನೋಡಿಕೊಂಡೇ ಬಂದೆ. ದೊಡ್ಡ ಗಾಜು ಇದ್ದ ಕಡೆ ಗೋಡೆಯ ಮೇಲೆ ಬೆಳ್ಳನೆಯ ಚೌಕ ಉಳಿದಿತ್ತು, ಹಾರದ ಮೊಳೆಯೂ ಇತ್ತು. ಪಕ್ಕದ ಗಾಜನ್ನು ಅವರೇ ಸ್ಟೂಲು ಹತ್ತಿ ಇಳಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ನೀರು ಬಂತು. ತಿಂಡಿಯಾದ ಮೇಲೆ ನಾನು ಮಾತ್ರೆ ತೆಗೆದೆ. ಒಂದೇ ಮಾತ್ರೆ. ವನಜಾಕ್ಷಿ ತಲೆ ಅಲ್ಲಾಡಿಸಿದಳು.

"ಬೇಡ ಕಣ್ರೀ. ನಿಮ್ಮ ಕೈಲಾಗಲ್ಲ. ನನಗೆ ಅಭ್ಯಾಸ ಆಗಿದೆ."

"ಬಾಯಿ ತೆಗಿ."

ತೆಗೆದಳು. ಹೆಸರೂ ಹೇಳಲಿಲ್ಲ, ಗುಣಗಾನವೂ ಮಾಡಲಿಲ್ಲ. ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ಲೋಟವನ್ನು ತುಟಿಗೆ ಹಿಡಿದೆ. ಕುಡಿದಳು.

"ನಾಲಗೆ ಎತ್ತು. ಈ ಕಡೆ ದವಡೆ. ಆ ಕಡೆ. ತುಟಿ ಕೆಳಗೆ."

"ಎಷ್ಟು ಸಲ ಚೆಕಿಂಗು?" ಎಂದು ನಗಲು ಹೋಗಿ ಅತ್ತಳು. ಬಾಯಿಯಲ್ಲಿ ಏನೂ ಇರಲಿಲ್ಲ. ಆದರೂ ಅವಳ ಕೈ ಹಿಡಿದುಕೊಂಡು ಜಗಲಿಯ ಮೇಲೆ ಕೂತೆ, ಎದ್ದು ಹೋಗಲು ಬಿಡಲಿಲ್ಲ. ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮತ್ತೆ ಮೋಸ ಮಾಡಿದಳೇ ಎಂದು ಅವಳ ಮುಖ ನೋಡಿದೆ. ಆಗ ಅಂಗೈ ಜುಮ್ಮೆಂದಿತು, ಕಿವಿ ಬಿಸಿಯಾಯಿತು, ಜಗಲಿ ತಿರುವಿನಲ್ಲಿ ಹೊರಳಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಓಡಿಹೋಗಿ ಬಚ್ಚಲಿನಲ್ಲಿ ಬಗ್ಗಿದೆ.

ಅವಳು ಹಿಂದೆಯೇ ಬಂದು ಒಂದು ಕೈಯಿಂದ ನನ್ನ ಹಣೆ ಹಿಡಿದಳು. ಇನ್ನೊಂದು ಕೈ ತಾನಾಗಿ ಹೋಗಿ ನಲ್ಲಿ ತಿರುಗಿಸಿತು. ನೀರು ಧೋ ಎಂದು ಬಕೆಟ್ಟಿಗೆ ಬಿತ್ತು.

"ನಲ್ಲಿ ನಿಲ್ಸು," ಎಂದೆ ಉಸಿರು ಸಿಕ್ಕಿದಾಗ.

"ಬೀದಿಗೆಲ್ಲ ಕೇಳ್ಸತ್ತೆ ಕಣ್ರೀ."

"ಕೇಳ್ಸಲಿ."

ಅವಳು ನಲ್ಲಿ ನಿಲ್ಲಿಸಿದಳು.